ಹೆಬ್ಬೆರಳು ಹೇಳಿದ ಹೌದು

ಮಾರ್ಚ್ 4, ಸೋಮವಾರ

ಇವತ್ತು ಹೊಸ ರೋಗಿಯೊಬ್ಬರು ನನ್ನನ್ನು ನೋಡಿದ ಕೂಡಲೇ "ಕಾಲು! ಕಾಲು!" ಎಂದು ಗದರಿದರು. ನನ್ನ ಕಾಲ ಬುಡದಲ್ಲಿ ಏನೋ ಹರಿದಾಡುತ್ತಿದೆ ಎಂದುಕೊಂಡು ನಾನು ಕುರ್ಚಿ ಹತ್ತುವುದೊಂದು ಬಾಕಿ. ಆಮೇಲೆ ತಿಳಿಯಿತು, ಅವರು ಈಜು ಕಲಿಸುವವರು. ಆಯುಷ್ಯವೆಲ್ಲ ಈಜುಕೊಳದ ದಂಡೆಯ ಮೇಲೆ ನಿಂತು, ಕಾಲು ಬಡಿಯಿರಿ ಎಂದು ಮಕ್ಕಳ ಮೇಲೆ ಕೂಗಾಡಿದ್ದಾರೆ. ಸ್ಟ್ರೋಕ್ ಆಗಿ ಬಲಗೈ, ಬಲಗಾಲು, ಮಾತು ಮೂರೂ ಹೋದ ಮೇಲೆ ಬಾಯಲ್ಲಿ ಉಳಿದಿರುವುದು ಅದೊಂದೇ. ನೀರು ಬೇಕಿದ್ದರೂ ಕಾಲು, ಫ್ಯಾನು ಜೋರಾದರೂ ಕಾಲು. ವಾರ್ಡಿನಲ್ಲಿ ಆಗಲೇ ಅವರಿಗೆ ಕೋಚಮ್ಮ ಎಂದು ಹೆಸರು ಬಿದ್ದಿದೆ.

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ನನ್ನ ಕೋಣೆಗೆ ಒಂದು ದಿನ ಬಂದು ಕೂರಬೇಕು. ಹೋದ ಮಾತನ್ನು ವಾಪಸು ತರಿಸುವುದು ನನ್ನ ಕೆಲಸ. ಸ್ಪೀಚ್ ಥೆರಪಿ ಎಂದು ಬಾಗಿಲ ಮೇಲೆ ಬರೆದಿದೆ. ಹಾಸಿಗೆ ಬಟ್ಟೆ ಇಡುವ ಕೋಣೆಯ ಪಕ್ಕ, ಕಾರಿಡಾರಿನ ಕೊನೆ. ಒಂದು ಕನ್ನಡಿ, ಚಿತ್ರದ ಕಾರ್ಡುಗಳು, ನಾನು. ನನ್ನ ಹತ್ತಿರ ಒಂದು ಹಳೆಯ ಉಪಾಯವೂ ಇದೆ. ಗಂಡಸರು ಬಂದರೆ, "ಹೆಂಡ್ತಿ ಹೆಸರು ಮರೆತಿಲ್ಲ ತಾನೆ? ಮರೆತ್ರೆ ಮನೆಗೆ ಸೇರಿಸಲ್ಲ ನೋಡಿ" ಎನ್ನುತ್ತೇನೆ. ಹೆಂಗಸರಿಗೆ, "ಗಂಡನ್ನ ಬೈಯೋಕಾದ್ರೂ ಮಾತು ಬೇಕಲ್ವಾ?" ಎಷ್ಟೇ ಬಾಡಿದ ಮುಖವೂ ಇಷ್ಟಕ್ಕೆ ನಗುತ್ತದೆ. ಕೋಚಮ್ಮ ನಗಲಿಲ್ಲ. ಬಾಗಿಲಿನ ಕಡೆ ನೋಡಿದರು. ಅಲ್ಲಿ ಅವರದೇ ವಯಸ್ಸಿನ ಹೆಂಗಸೊಬ್ಬರು ಊಟದ ಡಬ್ಬಿ ಹಿಡಿದು ನಿಂತಿದ್ದರು.

ಕೋಚಮ್ಮನ ತಮ್ಮನ ಮಗ ನನ್ನ ಜೊತೆ ಕೂತು ವಿವರ ಕೊಟ್ಟ. ನಲವತ್ತರ ಆಸುಪಾಸು, ಕನ್ನಡಕದ ಅಂಗಡಿ ಇಟ್ಟಿದ್ದಾನೆ, ಸಂಭಾವಿತ. "ಅತ್ತೆಗೆ ಮದುವೆ ಆಗಿಲ್ಲ ಮೇಡಂ. ಒಬ್ರೇ ಇರೋದು. ಮನೇಲಿ ಬಾಡಿಗೆಗೆ ಒಬ್ರು ಆಂಟಿ ಇದಾರೆ, ಡಬ್ಬಿ ತಂದ್ರಲ್ಲ, ಅವರೇ. ಪಾಪ, ತುಂಬಾ ಮಾಡ್ತಾರೆ. ಆದ್ರೆ ಎಷ್ಟು ದಿನಾಂತ ಹೊರಗಿನವರ ಕೈಲಿ ಮಾಡಿಸ್ಕೊಳ್ಳೋದು? ನಮ್ಮೂರಿಗೆ ಕರ್ಕೊಂಡು ಹೋಗ್ತೀನಿ. ಕೆಳಗಡೆ ರೂಮು ರೆಡಿ ಮಾಡಿಸ್ತಿದೀನಿ" ಎಂದ. ಅವನ ಊರು ಇಲ್ಲಿಂದ ರೈಲಿನಲ್ಲಿ ಒಂದು ಹಗಲು. ಇಂಥ ಅಳಿಯ ಎಲ್ಲರಿಗೂ ಸಿಗುವುದಿಲ್ಲ ಎಂದುಕೊಂಡೆ.

ಮಾರ್ಚ್ 6, ಬುಧವಾರ

ಬಾಯಿ ಹೋದವರ ಜೊತೆ ನಾನು ಮೊದಲು ಸರಿಮಾಡಿಕೊಳ್ಳುವುದು ಹೌದು ಮತ್ತು ಇಲ್ಲ. ಹೆಬ್ಬೆರಳು ಮೇಲೆತ್ತಿದರೆ ಹೌದು, ಕೆಳಗಿಳಿಸಿದರೆ ಇಲ್ಲ. ಕೇಳುವುದಕ್ಕೆ ಸುಲಭ. ಆದರೆ ಈ ಕಾಯಿಲೆಯಲ್ಲಿ ಕೆಲವರಿಗೆ ಹೌದು ಇಲ್ಲಗಳೇ ಅದಲುಬದಲಾಗಿರುತ್ತವೆ. ಅದಕ್ಕೇ ಉತ್ತರ ನಮಗೆ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಕೇಳಿ ಪರೀಕ್ಷಿಸುತ್ತೇವೆ.

ಇದು ಆಸ್ಪತ್ರೆಯಾ? ಮೇಲೆ. ನೀವು ನಿಂತಿದ್ದೀರಾ? ಕೆಳಗೆ. ನೀವು ಬಸ್ ಓಡಿಸ್ತಿದ್ರಾ? ಕೆಳಗೆ, ಹುಬ್ಬು ಗಂಟಿಕ್ಕಿ. ಇಲ್ಲಿಯವರೆಗೆ ಭೇಷ್. ನಿಮಗೆ ಮದುವೆ ಆಗಿದೆಯಾ? ಮೇಲೆ. ಮನೇಲಿ ಒಬ್ಬರೇ ಇರ್ತೀರಾ? ಕೆಳಗೆ. ಬಾಡಿಗೆಗೆ ಯಾರಾದ್ರೂ ಇದಾರಾ? ಕೆಳಗೆ, ಎಷ್ಟು ಜೋರಾಗಿ ಎಂದರೆ ಮೇಜು ಕುಟ್ಟಿದರು.

ಮೂರಕ್ಕೆ ಮೂರೂ ತಪ್ಪು. ಡಾಕ್ಟರ ಹತ್ತಿರ ಹೋಗಿ, ಅವರ ಹೌದು ಇಲ್ಲ ಸದ್ಯಕ್ಕೆ ನಂಬುವಂತಿಲ್ಲ ಎಂದೆ. ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಮಾತನಾಡುವ ಹೆಂಗಸು. "ಹಾಗಾದ್ರೆ ಎಲ್ಲಿಗೆ ಹೋಗ್ತೀರಿ ಅಂತ ಅವರನ್ನ ಕೇಳಿ ಪ್ರಯೋಜನ ಇಲ್ಲ. ಅಳಿಯ ಹೇಳಿದ ಹಾಗೆ ಮಾಡೋಣ. ತಿಂಗಳ ಕೊನೆಗೆ ಕಳಿಸ್ಬಿಡಿ" ಎಂದರು. ನಾನು ತಲೆಯಾಡಿಸಿದೆ.

ಮನೆಗೆ ಬಂದು ನಮ್ಮನೆಯವರಿಗೆ ಇದನ್ನೆಲ್ಲ ಹೇಳಿದೆ. ಅವರು ಲಿಫ್ಟ್ ರಿಪೇರಿ ಮಾಡುವವರು, ದಿನವೆಲ್ಲ ಬಾವಿಯಂಥ ಕತ್ತಲಲ್ಲಿ ಒಬ್ಬರೇ ಇದ್ದು ಬರುತ್ತಾರೆ. ಹಾಗಾಗಿ ನನ್ನ ರೋಗಿಗಳ ಕಥೆ ಎಂದರೆ ಅವರಿಗೆ ಪ್ರಾಣ.

ಮಾರ್ಚ್ 9, ಶನಿವಾರ

ಡಬ್ಬಿ ತರುವವರು ಹಲ್ಲಿನ ಸೆಟ್ ಮಾಡುವವರಂತೆ. ಅವರನ್ನು ಹಲ್ಲಿನವರು ಎಂದೇ ಕರೆಯುತ್ತೇನೆ. ಮಾತನಾಡುವಾಗ ನನ್ನ ಕಣ್ಣು ನೋಡುವುದೇ ಇಲ್ಲ, ಬಾಯಿ ನೋಡುತ್ತಾರೆ. "ಮೇಲುಗಡೆ ಬಲಕ್ಕೆ ಒಂದು ಕಟ್ಟಿಸಿದ್ದು ಅಲ್ವಾ? ಚೆನ್ನಾಗಿ ಮಾಡಿದಾರೆ. ಬಣ್ಣ ಒಂಚೂರು ಬಿಳಿ ಹೆಚ್ಚಾಯ್ತು" ಎಂದರು. ನನ್ನ ಗಂಡನಿಗೇ ಗೊತ್ತಿಲ್ಲದ ಹಲ್ಲು ಅದು!

ಕುತೂಹಲ ನನಗೆ ಹುಟ್ಟುಗುಣ. ನಾನೂ ಶುರು ಮಾಡಿದೆ.

"ನಿಮ್ಮ ಯಜಮಾನ್ರು ಏನ್ ಮಾಡ್ತಾರೆ?"

"ಇಲ್ಲ."

"ಇಲ್ಲ ಅಂದ್ರೆ..."

"ಇಲ್ಲ, ಅಷ್ಟೇ."

"ಮಕ್ಕಳು?"

"ಇಲ್ಲ."

"ಅಯ್ಯೋ, ಹಾಗಾದ್ರೆ ಒಬ್ರೇನಾ?"

ಅವರು ಡಬ್ಬಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ಊಟ ಆರೋಗತ್ತೆ ಮೇಡಂ" ಎಂದು ಎದ್ದು ಹೋದರು.

ಕೋಚಮ್ಮನಿಗೆ ಊಟ ಮಾಡಿಸುವಾಗ ನೋಡಿದೆ. ಬಾಯಿಯ ಎಡಭಾಗಕ್ಕೆ ತುತ್ತು ಇಡಬೇಕು ಎಂದು ನಾನು ಹೇಳಿಕೊಡುವ ಮೊದಲೇ ಎಡಕ್ಕೇ ಇಡುತ್ತಿದ್ದರು. ಬಾಯಿ ಒರೆಸಲು ಆಸ್ಪತ್ರೆಯ ಟವೆಲ್ ಮುಟ್ಟಲಿಲ್ಲ, ಸೆರಗಿಗೆ ಸಿಕ್ಕಿಸಿದ್ದ ತಮ್ಮ ಕರವಸ್ತ್ರ ತೆಗೆದರು. ಊಟವಾದ ಮೇಲೆ ಅವರ ಕಾಲಿನ ಉಗುರು ಕತ್ತರಿಸಿದರು. ಸಂಜೆ ನಮ್ಮ ಫಿಸಿಯೋ ಹುಡುಗಿ, "ಬಾಡಿಗೆಯವರಿಗೆ ಇಷ್ಟು ಕಾಳಜಿ ಯಾಕೆ ಮೇಡಂ? ಮನೆ ಮೇಲೆ ಕಣ್ಣಿರ್ಬೇಕು" ಎಂದಳು. ಇರಬಹುದು ಎಂದೆ. ಆದರೂ ತಲೆಗೆ ಹುಳ ಹೊಕ್ಕಿತು. ಮನೆಯ ಮೇಲೆ ಕಣ್ಣಿಟ್ಟವರು ಕೂತು ಕಾಲಿನ ಉಗುರು ಕತ್ತರಿಸುತ್ತಾರೆಯೇ?

ಮಾರ್ಚ್ 12, ಮಂಗಳವಾರ

ಪರೀಕ್ಷೆ ಮತ್ತೊಮ್ಮೆ ಮಾಡಿದೆ, ಬೇರೆ ಪ್ರಶ್ನೆಗಳನ್ನು ಹಾಕಿ. ಕಿಟಕಿ ತೆರೆದಿದೆಯಾ, ಕಲ್ಲು ನೀರಲ್ಲಿ ತೇಲತ್ತಾ, ಮೀನಿಗೆ ರೆಕ್ಕೆ ಇದೆಯಾ. ಕೊನೆಯದಕ್ಕೆ ಅವರು ಹೆಬ್ಬೆರಳನ್ನು ಅತ್ತಿತ್ತ ಆಡಿಸಿ, ಮೀನಿನ ಪಕ್ಕದ ರೆಕ್ಕೆಗಳನ್ನು ಎಡಗೈಯಲ್ಲಿ ಬರೆದು ತೋರಿಸಿದರು. ಅಂದರೆ ಮೀನಿಗೂ ಒಂಥರಾ ರೆಕ್ಕೆ ಇದೆ, ನಿನ್ನ ಪ್ರಶ್ನೆಯೇ ಸರಿಯಿಲ್ಲ ಎಂದು. ಹೌದು ಇಲ್ಲ ಗೊತ್ತಿಲ್ಲದವರು ಹೀಗೆ ತಕರಾರು ಮಾಡುತ್ತಾರೆಯೇ?

ಎಲ್ಲ ಸರಿ. ಮನೆಯ ಪ್ರಶ್ನೆಗೆ ಬಂದ ಕೂಡಲೇ ಎಲ್ಲ ತಪ್ಪು. ಮದುವೆ ಆಗಿದೆ, ಒಬ್ಬರೇ ಇಲ್ಲ, ಬಾಡಿಗೆಯವರು ಇಲ್ಲ. ಅಂದಿನ ಉತ್ತರಗಳೇ, ಒಂದಿಷ್ಟೂ ಬದಲಿಲ್ಲ. ಕಾಯಿಲೆಯ ತಪ್ಪು ಕಪ್ಪೆಯ ಹಾಗೆ, ಇವತ್ತು ಇಲ್ಲಿ ಕೂತರೆ ನಾಳೆ ಅಲ್ಲಿಗೆ ಹಾರಿರುತ್ತದೆ. ಇದು ಕೂತಲ್ಲೇ ಕೂತಿದೆ.

ನಮ್ಮನೆಯವರು ತಟ್ಟೆ ತೊಳೆಯುತ್ತಾ ಕೇಳಿಸಿಕೊಂಡು, "ಲಿಫ್ಟು ಎಲ್ಲಾ ಮಹಡೀಲೂ ನಿಂತು ಒಂದೇ ಮಹಡೀಲಿ ನಿಲ್ಲದಿದ್ರೆ ಲಿಫ್ಟ್ ಕೆಟ್ಟಿದೆ ಅನ್ನಲ್ಲ ಕಣೆ, ಆ ಮಹಡಿ ಬಾಗಿಲು ನೋಡ್ತೀವಿ" ಎಂದರು. ಇವರಿಗೆ ಪ್ರಪಂಚವೆಲ್ಲ ಲಿಫ್ಟೇ. ನಾನು ನಕ್ಕೆ. ಆದರೆ ಮಲಗಿದ ಮೇಲೂ ಅದೇ ಯೋಚನೆ. ಆ ಮಹಡಿಯಲ್ಲಿ ಏನಿದೆ?

ಮಾರ್ಚ್ 13, ಬುಧವಾರ

ಗಂಡ, ಹೆಂಡತಿ, ಮದುವೆ, ಬಾಡಿಗೆ ಈ ಪದಗಳನ್ನೆಲ್ಲ ಪಕ್ಕಕ್ಕಿಟ್ಟು ಕೇಳಿದೆ.

"ನಿಮ್ಮ ಜೊತೆ ಮನೇಲಿ ಒಬ್ರು ಇದಾರಾ?"

ಮೇಲೆ.

"ಅಳಿಯಾನಾ?"

ಕೆಳಗೆ.

"ಡಬ್ಬಿ ತರೋರಾ?"

ಮೇಲೆ.

"ನಿಮ್ಮ ಫ್ರೆಂಡಾ?"

ಹೆಬ್ಬೆರಳು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಅಡ್ಡ ಮಲಗಿತು.

"ಫ್ರೆಂಡಿಗಿಂತ ಜಾಸ್ತಿನಾ?"

ಮೇಲೆ. ಮೇಲೆಯೇ ಇತ್ತು. ನಾನು ಸರಿ ಎಂದರೂ ಇಳಿಸಲಿಲ್ಲ. ಅವರ ಕಣ್ಣು ತುಂಬಿತ್ತು, ಆದರೆ ಮುಖದಲ್ಲಿ ಇದ್ದದ್ದು ಅಳುವಲ್ಲ. ಪಾಠ ತಲೆಗೆ ಹೋಗದ ದಡ್ಡಿಯೊಬ್ಬಳು ಕಡೆಗೂ ಒಂದು ಲೆಕ್ಕ ಬಿಡಿಸಿದಾಗ ಟೀಚರು ನೋಡುವ ಹಾಗೆ ನೋಡುತ್ತಿದ್ದರು. "ಕಾಲು" ಎಂದರು, ಮೆಲ್ಲಗೆ. ನನಗೆ ನಾಚಿಕೆಯಾಯಿತು.

ಸಲಿಂಗ ಪ್ರೇಮ ಎಂಬ ಪದ ಪತ್ರಿಕೆಯಲ್ಲಿ ಓದಿದ್ದೇನೆ. ಪರ, ವಿರೋಧ, ಎರಡೂ ಕಡೆಯ ಲೇಖನ ಓದಿದ್ದೇನೆ. ಯಾರಾದರೂ ಕೇಳಿದ್ದರೆ ನನ್ನದು ವಿಶಾಲ ಮನಸ್ಸು ಎಂದೇ ಹೇಳುತ್ತಿದ್ದೆ. ಆದರೆ ಆ ಪದ ಬೆಳಗ್ಗೆ ಎದ್ದು ಮೆತ್ತಗೆ ಬೇಯಿಸಿ, ಬಸ್ಸಿನಲ್ಲಿ ಚೆಲ್ಲದಂತೆ ಹಿಡಿದು ತಂದು, ನನ್ನ ಕೋಣೆಯ ಬಾಗಿಲಲ್ಲಿ ನಿಂತರೆ ನನಗೆ ಗುರುತೇ ಸಿಕ್ಕಿರಲಿಲ್ಲ. ಕೋಚಮ್ಮ ಮೊದಲ ದಿನವೇ ಸರಿಯಾದ ಉತ್ತರ ಕೊಟ್ಟಿದ್ದರು. ತಪ್ಪು ಎಂದು ಗೀಚಿದವಳು ನಾನು. ಆ ಗೀಚಿನಿಂದ ಈಗ ಅವರನ್ನು ಒಂದು ಹಗಲಿನ ದೂರಕ್ಕೆ ರೈಲು ಹತ್ತಿಸುತ್ತಾರೆ.

ಡಾಕ್ಟರ ಕೋಣೆಯವರೆಗೆ ಹೋದೆ. ಬಾಗಿಲು ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಏನೆಂದು ಹೇಳುವುದು? ಅದು ಹೇಳುವುದಕ್ಕೆ ನನ್ನ ವಿಷಯವೇ? ವಾಪಸು ಬಂದೆ.

ಮಾರ್ಚ್ 15, ಶುಕ್ರವಾರ

ಹಲ್ಲಿನವರನ್ನು ನೀರಿನ ಫಿಲ್ಟರ್ ಪಕ್ಕದ ಬೆಂಚಿನಲ್ಲಿ ಕೂರಿಸಿ, "ಅವರು ನನಗೆ ಹೇಳಿದ್ರು" ಎಂದೆ.

"ಮಾತೇ ಬರಲ್ವಲ್ಲ?"

"ಬೆರಳಲ್ಲಿ ಹೇಳಿದ್ರು."

ಅವರ ಮುಖ ಸುಣ್ಣ ಬಳಿದ ಹಾಗೆ ಆಯಿತು. ಮೊದಲ ಸಲ ನನ್ನ ಬಾಯಿ ಬಿಟ್ಟು ಕಣ್ಣು ನೋಡಿದರು. "ಯಾರಿಗೂ ಹೇಳ್ಬೇಡಿ ಮೇಡಂ. ದಮ್ಮಯ್ಯ."

ಹೇಳುವುದಿಲ್ಲ ಎಂದೆ. ಆಮೇಲೆ ಕಟ್ಟೆ ಒಡೆದ ಹಾಗೆ ಹೇಳತೊಡಗಿದರು. "ಮಕ್ಕಳಿಗೆ ಈಜು ಕಲಿಸೋಳು ಇವಳು. ಮಕ್ಕಳನ್ನ ಕೈಯಲ್ಲಿ ಎತ್ತಿ ಹಿಡೀಬೇಕು. ಈ ವಿಷಯ ಹೊರಗೆ ಬಿದ್ದಿದ್ರೆ ಮಾರನೇ ದಿನ ಕೊಳದಲ್ಲಿ ಒಂದು ಮಗು ಇರ್ತಿರ್ಲಿಲ್ಲ. ಅದಕ್ಕೇ ನಾನು ಬಾಡಿಗೆಯವಳಾದೆ."

ಕೆಲಸದ ಜಾಗದಲ್ಲಿ ಏನು ಹೇಳುತ್ತೀರಿ ಎಂದು ಕೇಳಿದೆ. ಅಷ್ಟು ದುಃಖದಲ್ಲೂ ಅವರ ತುಟಿ ಸೊಟ್ಟಗಾಯಿತು. "ಮನೆಯವರು ಅಂತೀನಿ. ಮನೆಯವರಿಗೆ ಜ್ವರ, ಮನೆಯವರು ಊರಿಗೆ ಹೋಗಿದಾರೆ. ಅವರೆಲ್ಲ ಗಂಡ ಅಂದ್ಕೊಂಡ್ರು. ನಾನು ತಿದ್ದಲಿಲ್ಲ. ಒಂದು ಸಲ ನಿಮ್ಮ ಯಜಮಾನ್ರಿಗೆ ಅಂತ ಎಲ್ಲಾ ಸೇರಿ ಶರ್ಟು ಕೊಟ್ರು."

"ಏನ್ ಮಾಡಿದ್ರಿ?"

"ಇವಳೇ ಹಾಕ್ಕೊಂಡ್ಲು. ಭುಜ ಸರಿಯಾಗೇ ಕೂತ್ಕೊಳ್ತು, ಈಜೋಳಲ್ವಾ."

ಇಬ್ಬರೂ ನಕ್ಕೆವು. ಆಮೇಲೆ ಅವರು, "ಅಳಿಯ ಒಳ್ಳೆಯವನು ಮೇಡಂ, ಅದೇ ಕಷ್ಟ. ಕೆಟ್ಟವನಾಗಿದ್ರೆ ಜಗಳ ಆಡ್ತಿದ್ದೆ" ಎಂದರು. ನೀವೇ ಅವನಿಗೆ ಹೇಳಿಬಿಡಿ ಎಂದೆ. "ನಿಮಗೆ ಸುಲಭ. ಬಾಯಿ ತಪ್ಪದ ಹಾಗೆ ಒಂದು ದಿನ ಮಾತಾಡಿ ನೋಡಿ, ಬಾಯಿಗೆ ಆಮೇಲೆ ನಿಜ ಹೇಳೋ ಅಭ್ಯಾಸಾನೇ ಹೋಗಿರತ್ತೆ" ಎಂದರು.

ಒಂದು ದಿನ ತಾನೆ? ಅದೇನು ಬ್ರಹ್ಮವಿದ್ಯೆ? ನೋಡಿಯೇ ಬಿಡೋಣ ಎನಿಸಿದೆ. ಸೋಮವಾರ ಇಡೀ ದಿನ ಕೆಲಸದಲ್ಲಿ ಗಂಡನ ಸುದ್ದಿ ಎತ್ತುವುದಿಲ್ಲ. ನನಗೆ ಮದುವೆಯಾಗಿದೆ ಎಂದು ಯಾವ ಮಾತಿನಿಂದಲೂ ಗೊತ್ತಾಗಬಾರದು. ಸುಳ್ಳನ್ನೂ ಹೇಳಬಾರದು.

ಮಾರ್ಚ್ 18, ಸೋಮವಾರ

ಸೋತೆ. ಸಂಜೆಯ ಕಾಫಿ ದಾಟಲಿಲ್ಲ.

ಬೆಳಗ್ಗೆ ಉಂಗುರ ತೆಗೆದು ಪರ್ಸಿನಲ್ಲಿ ಹಾಕಿಕೊಂಡೆ. ಮೇಜಿನ ಮೇಲೆ ನಮ್ಮಿಬ್ಬರ ಫೋಟೋ ಇದೆ ಎಂದು ಹೋದ ಮೇಲೆ ನೆನಪಾಯಿತು. ಡ್ರಾಯರಿಗೆ ತುರುಕಿದೆ. ಅಷ್ಟರಲ್ಲಿ ಫಿಸಿಯೋ ಹುಡುಗಿ ಬಂದು, "ನಿನ್ನೆ ಏನ್ ಮಾಡಿದ್ರಿ ಮೇಡಂ?" ಎಂದಳು. ನಿನ್ನೆ ನಾವಿಬ್ಬರೂ ಕಿಟಕಿಗೆ ಪರದೆ ತರಲು ಹೋಗಿ, ಅಳತೆ ತಗೊಂಡ ಚೀಟಿಯನ್ನು ಇವರು ಮನೆಯಲ್ಲೇ ಮರೆತು, ಅಂಗಡಿಯಲ್ಲಿ ಕೈ ಅಗಲಿಸಿ "ಇಷ್ಟು" ಎಂದು ತೋರಿಸಿದ್ದರು. ಎಂಥ ಒಳ್ಳೆಯ ಕಥೆ! ನಾಲಿಗೆ ತುದಿಗೆ ಬಂದದ್ದನ್ನು ನುಂಗಿ, "ಪರದೆ ತಂದೆ" ಎಂದೆ.

"ಯಾರ್ ಜೊತೆ ಹೋಗಿದ್ರಿ?"

"ಹೀಗೇ."

"ಹೀಗೇ ಅಂದ್ರೆ?"

"ಅಂಗಡಿ ಹತ್ರಾನೇ ಅಲ್ವಾ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಫೋನ್ ಬಂತು, ಇವರದೇ. ತೆರೆಯ ಮೇಲೆ ಇವರ ಮುಖ ಕುಣಿಯುತ್ತಿತ್ತು. ಕಳ್ಳನನ್ನು ಕಂಡ ಹಾಗೆ ಫೋನನ್ನು ಬೋರಲು ಹಾಕಿದೆ. ಊಟಕ್ಕೆ ಕೂತರೆ, "ಇವತ್ತು ಸೋಮವಾರ, ನಿಮ್ಮವರ ಕೈ ಅಡುಗೆ ದಿನ ಅಲ್ವಾ?" ಸುಳ್ಳು ಹೇಳಬಾರದಲ್ಲ, ಕೆಮ್ಮಿದೆ. ಡಾಕ್ಟರು ನಡೆದು ಹೋಗುತ್ತಾ, "ಹೊಸ ಕನ್ನಡಕ ಚೆನ್ನಾಗಿದೆ, ಯಾರ ಸೆಲೆಕ್ಷನ್?" ಎಂದರು. ಅದಕ್ಕೂ ಕೆಮ್ಮಿದೆ. ಗಂಟಲಿಗೆ ಏನಾಯಿತು ಎಂದು ಕೇಳಿದರು.

ಏನು ಕಷ್ಟ ಎಂದರೆ, ಸುಮ್ಮನಿರುವುದು ಕಷ್ಟವಲ್ಲ. ಪ್ರತಿ ಮಾತನ್ನೂ ಹೊರಡುವ ಮೊದಲು ಬಾಗಿಲಲ್ಲಿ ತಡೆದು, ಜೇಬು ತಡಕಿ ಕಳಿಸಬೇಕು. ನಾವು ಎನ್ನುವ ಕಡೆ ನಾನು ಎನ್ನಬೇಕು. ಸಹಜವಾಗಿ ನಗುವ ಕಡೆ ಯೋಚಿಸಿ ನಗಬೇಕು. ಮಧ್ಯಾಹ್ನದ ಹೊತ್ತಿಗೆ ನಾನು ಸಿಡುಕಿಯಾಗಿದ್ದೆ, ಯಾರ ಜೊತೆಯೂ ಕೂರಬೇಕೆನಿಸಲಿಲ್ಲ. ಹಲ್ಲಿನವರನ್ನು ಬಿಗುಮಾನದವರು ಎಂದುಕೊಂಡಿದ್ದೆನಲ್ಲ.

ಕಾಫಿಯ ಹೊತ್ತಿಗೆ ಫಿಸಿಯೋ ಹುಡುಗಿ ನನ್ನ ಕೈ ಹಿಡಿದುಕೊಂಡು, ಖಾಲಿ ಬೆರಳನ್ನು ಸವರುತ್ತಾ, "ಮೇಡಂ, ಮನೇಲಿ ಏನಾದ್ರೂ ಆಗಿದೆಯಾ? ನಾನು ಯಾರಿಗೂ ಹೇಳಲ್ಲ" ಎಂದಳು. ಅವಳು ಯಾರಿಗೂ ಹೇಳುವುದಿಲ್ಲ ಎಂದರೆ ಇಡೀ ಆಸ್ಪತ್ರೆಗೆ ಗೊತ್ತಾಗುತ್ತದೆ ಎಂದರ್ಥ. ಪರದೆಯ ಕಥೆ, ಅಳತೆಯ ಕಥೆ, ಅಡುಗೆಯ ಕಥೆ ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಎಷ್ಟು ಹಾಯೆನಿಸಿತು!

ಇವರಿಗೆ ಹೇಳಿದರೆ, "ಅದಕ್ಕೇ ಇವತ್ತು ನನಗೆ ಒಂದು ಬಿಕ್ಕಳಿಕೇನೂ ಬರ್ಲಿಲ್ಲ" ಎಂದರು.

ಈಗ ಇದನ್ನು ಬರೆಯುತ್ತಾ ಒಂದೊಂದೇ ಹೊಳೆಯುತ್ತಿದೆ. ನಿನಗೆ ಗಂಡಸರು ಇಷ್ಟ ಎಂದು ಯಾವಾಗ ಗೊತ್ತಾಯಿತು ಎಂದು ನನ್ನನ್ನು ಯಾರೂ ಕೇಳಿಲ್ಲ. ನಾವಿಬ್ಬರೂ ಕೈ ಹಿಡಿದು ರಸ್ತೆ ದಾಟುವಾಗ ಯಾರು ನೋಡುತ್ತಿದ್ದಾರೆ ಎಂದು ನೋಡಿಕೊಂಡಿಲ್ಲ. ಇವರಿಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ನೀವು ಯಾರು ಎಂದು ಕೇಳಿದರು. ಹೆಂಡತಿ ಎಂದೆ, ಬಾಗಿಲು ತೆರೆಯಿತು. ಪುರಾವೆ ಏನು ಎಂದು ಒಬ್ಬರೂ ಕೇಳಲಿಲ್ಲವಲ್ಲ!

ಮಾರ್ಚ್ 20, ಬುಧವಾರ

ಡಾಕ್ಟರಿಗೆ, ನನ್ನ ಪರೀಕ್ಷೆ ತಪ್ಪಾಗಿದೆ, ಕೋಚಮ್ಮನ ಹೌದು ಇಲ್ಲ ನಂಬಬಹುದು ಎಂದೆ.

"ಎರಡು ವಾರದ ಕೆಳಗೆ ನಂಬಬಾರದು ಅಂದ್ರಿ."

"ಉತ್ತರ ನಾನೇ ಮೊದಲೇ ಇಟ್ಕೊಂಡು ಪ್ರಶ್ನೆ ಕೇಳಿದ್ದೆ. ನಾನಿಟ್ಕೊಂಡಿದ್ದೇ ತಪ್ಪು."

"ಯಾವ ಉತ್ತರ?"

"ಅದನ್ನ ಅವರೇ ಹೇಳ್ಬೇಕು ಡಾಕ್ಟ್ರೇ."

ನನ್ನನ್ನು ದಿಟ್ಟಿಸಿ ನೋಡಿ, ಮಂಗಳವಾರ ಎಲ್ಲರನ್ನೂ ಕರೆಸಿ ಅಂದರು. ಅವರ ಎದುರಲ್ಲೇ ಕೇಳುತ್ತಾರಂತೆ.

ಕೆಳಗೆ ಬಂದರೆ ಫಿಸಿಯೋ ಹುಡುಗಿ ನನ್ನ ಕಿವಿಯ ಹತ್ತಿರ, "ಮೇಡಂ, ಆ ಇಬ್ರೂ ಒಂಥರಾ ಅಂತೆ" ಎಂದು ಕಿಸಕ್ಕೆಂದಳು. ಒಳ್ಳೆಯ ಹುಡುಗಿ ಅವಳು. "ಒಂಥರಾ ಅಂದ್ರೆ? ನಾನೂ ಒಂಥರಾನೇ" ಎಂದು ನೀರು ಕುಡಿಯಲು ಹೋದೆ.

ಮಾರ್ಚ್ 22, ಶುಕ್ರವಾರ

ಹೊಸ ರೋಗಿ, ನಿವೃತ್ತ ಪೋಸ್ಟ್‌ಮಾಸ್ಟರು. "ಮನೇಲಿ ಯಾರ ಜೊತೆ ಜಗಳ ಆಡ್ತೀರಿ ಸಾರ್?" ಎಂದೆ. ಬಹಳ ಕಷ್ಟಪಟ್ಟು "ನಾ... ಯಿ" ಎಂದರು. ಇಬ್ಬರೂ ನಕ್ಕೆವು.

ಮಂಗಳವಾರದ ಭಯ. ಕೋಚಮ್ಮ ಇವತ್ತು ಕನ್ನಡಿಯ ಮುಂದೆ ಕೂತು ಒಂದು ಪದಕ್ಕಾಗಿ ಬೆವರು ಸುರಿಸಿದರು. ಯಾವ ಪದ ಎಂದು ತಿಳಿಯಲಿಲ್ಲ.

ಮಾರ್ಚ್ 26, ಮಂಗಳವಾರ

ಆದಷ್ಟು ಸರಿಯಾಗಿ ಬರೆಯುತ್ತೇನೆ.

ಡಾಕ್ಟರ ಕೋಣೆ. ಗಾಲಿಕುರ್ಚಿಯಲ್ಲಿ ಕೋಚಮ್ಮ, ಪಕ್ಕದಲ್ಲಿ ಅಳಿಯ, ಬಾಗಿಲ ಹತ್ತಿರ ಹಲ್ಲಿನವರು ಗೋಡೆಗೆ ಒತ್ತಿಕೊಂಡು. ಡಾಕ್ಟರು ತಲೆ ಎತ್ತಿ, "ಸಂಬಂಧಿಕರು ಮಾತ್ರ ಇರಲಿ" ಎಂದರು. ಹಲ್ಲಿನವರು ತಿರುಗಿ ಹೊರಟೇಬಿಟ್ಟರು. ಅಷ್ಟು ಅಭ್ಯಾಸ. ಕೋಚಮ್ಮ ಎಡಗೈ ಚಾಚಿ ಅವರ ಸೆರಗು ಹಿಡಿದರು. ಬಟ್ಟೆ ಜಗ್ಗಿ ನಿಂತಿತು.

"ಇವರು ಯಾರು?" ಎಂದರು ಡಾಕ್ಟರು.

ಹೇಳಿ, ಹೇಳಿಬಿಡಿ ಎಂದು ನಾನು ಒಳಗೇ ಅಂದುಕೊಂಡೆ. ಹಲ್ಲಿನವರು ಅಳಿಯನ ಮುಖ ನೋಡಿದರು, ನೆಲ ನೋಡಿದರು. "ನಾನು... ಅವರ ಮನೇಲಿ ಬಾಡಿಗೆಗೆ ಇರೋಳು" ಎಂದರು.

ಕೋಚಮ್ಮನ ಮುಖ ಕೆಂಪಾಯಿತು. ಕತ್ತಿನ ನರ ಉಬ್ಬಿತು. ಬಾಯಿ ತೆರೆದು ಮುಚ್ಚಿತು. ಈಗ ಬರುವುದು ಕಾಲು ಎಂದೇ ನಾನು ಹೆದರಿದ್ದೆ. ಅದು ಬಂದರೆ ಎಲ್ಲ ಮುಗಿಯಿತು. ಮೊದಲ ಅಕ್ಷರ ಎತ್ತಿಕೊಡುವುದು ನನ್ನ ವೃತ್ತಿ, ಆದರೆ ಯಾವ ಅಕ್ಷರ ಎಂದು ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಇವತ್ತು ಕೊಡುವಂತಿರಲಿಲ್ಲ. ತುಟಿ ಕಚ್ಚಿ ಕೂತೆ.

"ಸುಳ್ಳು" ಎಂದರು ಕೋಚಮ್ಮ.

ಸ್ಪಷ್ಟವಾಗಿ. ಕೊಳದ ಆಚೆ ದಂಡೆಗೂ ಕೇಳುವ ಹಾಗೆ.

"ಅತ್ತೆ?" ಎಂದ ಅಳಿಯ. ಸ್ಟ್ರೋಕ್ ಆದ ಮೇಲೆ ಅವರ ಬಾಯಲ್ಲಿ ಅವನು ಕೇಳಿದ ಮೊದಲ ಹೊಸ ಮಾತು ಅದು.

"ಸುಳ್ಳು" ಎಂದು ಮತ್ತೆ ಹೇಳಿ, ಹಿಡಿದ ಸೆರಗನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದೊಂದು ಪದಕ್ಕೂ ಒಂದೊಂದು ಮೂಟೆ ಎತ್ತುವವರ ಹಾಗೆ ಉಸಿರು ಕಟ್ಟಿ, "ಮನೆ" ಎಂದರು. "ನನ್... ಮನೆ. ಇವಳು."

ಹಲ್ಲಿನವರು ಮುಖ ಮುಚ್ಚಿಕೊಂಡರು. ಡಾಕ್ಟರು ನನ್ನ ಕಡೆ ನೋಡಿ, ಇದನ್ನು ನಂಬಬಹುದಾ ಎಂದು ಕೇಳಿದರು. "ನಂಬಬಹುದು. ಮೊದಲಿಂದ ಇದನ್ನೇ ಹೇಳ್ತಿದಾರೆ" ಎಂದೆ. ಡಾಕ್ಟರು ಕುರ್ಚಿ ಎಳೆದುಕೊಂಡು ಕೋಚಮ್ಮನ ಎದುರಿಗೇ ಕೂತರು. ಅಳಿಯನ ಊರಿಗೆ ಹೋಗ್ತೀರಾ? ಕೆಳಗೆ. ನಿಮ್ಮ ಮನೆಗೆ, ಇವರ ಜೊತೆ? ಮೇಲೆ. ತಿರುಗಿಸಿ ಕೇಳಿದರು, 'ನಿಮ್ಮ ಮನೆಗೆ ಹೋಗೋದು ಬೇಡ್ವಾ?' ಹೆಬ್ಬೆರಳು ನೆಲಕ್ಕೆ ಮೊಳೆ ಹೊಡೆಯುವ ಹಾಗೆ ಕೆಳಗೆ.

"ಸರಿ, ಅವರ ಇಷ್ಟ ಅವರು ಹೇಳಿದಾರೆ" ಎಂದು ಡಾಕ್ಟರು ಎದ್ದರು.

ಅಳಿಯ ಮಾತ್ರ ಅಲ್ಲಾಡಲಿಲ್ಲ. "ಯಾವಾಗಿಂದ ಆಂಟಿ?" ಎಂದ.

"ನೀನು ಮೂರನೇ ಕ್ಲಾಸಲ್ಲಿದ್ದೆ."

"ನನ್ನ ಮದುವೆಗೆ ಬಂದಿದ್ರಿ. ಹಿಂದಿನ ಸಾಲಲ್ಲಿ ಕೂತಿದ್ರಿ."

"ಹೌದಪ್ಪ."

"ಮನೆಯವರ ಫೋಟೋಗೆ ಬರ್ಲಿಲ್ಲ."

"ಯಾರೂ ಕರೀಲಿಲ್ಲ."

ಅವನು ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಕಾರಿಡಾರಿನಲ್ಲಿ ಅವನ ಹೆಜ್ಜೆ ದೂರವಾಗುವುದು ಕೇಳಿಸುತ್ತಿತ್ತು. ಕೋಚಮ್ಮ ಗೆದ್ದರು ಎಂದು ಕುಣಿಯಬೇಕಿತ್ತು ನಾನು. ಆ ಹೆಜ್ಜೆಯ ಕಡೆಗೆ ಅವರು ನೋಡುತ್ತಿದ್ದ ರೀತಿ ಕಂಡು ಕುಣಿಯಲಾಗಲಿಲ್ಲ. ಎತ್ತಿ ಆಡಿಸಿದ ಮಗು ಅದು.

ಮಾರ್ಚ್ 28, ಗುರುವಾರ

ಅಳಿಯ ನಿನ್ನೆಯೂ ಬರಲಿಲ್ಲ, ಇವತ್ತೂ ಇಲ್ಲ. ಫೋನೂ ಇಲ್ಲ. ಕೋಚಮ್ಮ ಪಾಠ ಮಾಡಲೊಲ್ಲರು. ಬರೆಯಲು ಮನಸ್ಸಿಲ್ಲ.

ಮಾರ್ಚ್ 30, ಶನಿವಾರ

ಕೋಚಮ್ಮ ಮನೆಗೆ ಹೋದರು.

ಹಲ್ಲಿನವರು ಬಾಡಿಗೆ ಕಾರು ಹೇಳಿದ್ದರು, ಅದು ಬಂದಿರಲಿಲ್ಲ. ಮುಖ್ಯ ಬಾಗಿಲ ಮೆಟ್ಟಿಲ ಹತ್ತಿರ ನಾವು ಮೂವರೂ ಕಾಯುತ್ತಿದ್ದೆವು. ಹಲ್ಲಿನವರ ಹೆಗಲಲ್ಲಿ ದೊಡ್ಡ ಬ್ಯಾಗು, ಕೈಯಲ್ಲಿ ಔಷಧಿ. ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸ ಹೇಳಿಕೊಡುತ್ತಿದ್ದೆ. ಅವರು ಮತ್ತೆ ನನ್ನ ಹಲ್ಲನ್ನೇ ನೋಡುತ್ತಿದ್ದರು. "ಒಂದು ಸಲ ಲ್ಯಾಬಿಗೆ ಬನ್ನಿ, ಆ ಬಣ್ಣ ಸರಿ ಮಾಡ್ಕೊಡ್ತೀನಿ" ಎಂದರು.

ಆಗ ಅಳಿಯನ ಕಾರು ಬಂತು. ಇಳಿದ. ಗಡ್ಡ ಬೋಳಿಸಿರಲಿಲ್ಲ. ಯಾರಿಗೂ ನಮಸ್ಕಾರ ಇಲ್ಲ, ಮಾತಿಲ್ಲ. ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲಿದ್ದ ಉಕ್ಕಿನ ಹಿಡಿಗಳನ್ನು ಪಕ್ಕಕ್ಕೆ ಸರಿಸಿದ. ಬಚ್ಚಲಿನ ಗೋಡೆಗೆ ಹಾಕುವ ಹಿಡಿಗಳು. "ನಮ್ಮನೆ ರೂಮಿಗೆ ಅಂತ ತಂದಿದ್ದೆ" ಎಂದ, ಕಾರಿನ ಒಳಗೇ ತಲೆ ಇಟ್ಟುಕೊಂಡು. "ನಿಮ್ಮನೇಲೇ ಹಾಕಿ ಹೋಗ್ತೀನಿ. ಡ್ರಿಲ್ಲಿಂಗ್ ಮಷಿನ್ನೂ ಇದೆ."

ಕೋಚಮ್ಮನ ಎಡಗೈಯಿಂದ ಅವನ ಬೆನ್ನಿಗೆ ಒಂದು ಗುದ್ದು ಬಿತ್ತು.

ಅವನು ಸೆಟೆದು ನಿಂತ. ಮೂಗು ಒರೆಸಿಕೊಂಡು, ಕೈ ಚಾಚಿ, "ಅತ್ತೆ, ಆ ಬ್ಯಾಗ್ ಇಲ್ಲಿ ಕೊಡಿ" ಎಂದ.

ಕೋಚಮ್ಮನ ಹತ್ತಿರ ಬ್ಯಾಗಿರಲಿಲ್ಲ. ಅವನ ಕಿವಿ ಕೆಂಪಗಾಗಿತ್ತು, ಚಾಚಿದ ಕೈ ಹಾಗೇ ಇತ್ತು. ಹಲ್ಲಿನವರು ಯಾರನ್ನು ಕರೆದ ಎಂದು ತಿರುಗಿ ತಮ್ಮ ಹಿಂದೆ ನೋಡಿದರು. ಹಿಂದೆ ಆಸ್ಪತ್ರೆಯ ಗಾಜಿನ ಬಾಗಿಲು ಬಿಟ್ಟರೆ ಯಾರೂ ಇರಲಿಲ್ಲ.

"ನೀನೇ" ಎಂದರು ಕೋಚಮ್ಮ.

ಹಲ್ಲಿನವರು ಬ್ಯಾಗು ಕೊಟ್ಟರು.